ಟ್ರೆಕ್ಕಿಂಗ್ ಚಾಕು: ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತೆ?

ಟೆಂಟ್ ಎಪಿಸೋಡ್ ಆದ್ಮೇಲೆ ಜಾಸ್ತಿ ಜನ ಕೇಳಿದ್ದು ಒಂದೇ ಪ್ರಶ್ನೆ: ಕಾಡಿಗೆ ಒಯ್ಯೋಕೆ ಮಡಚದ ಚಾಕು, ಅಂದ್ರೆ ಫಿಕ್ಸೆಡ್ ಬ್ಲೇಡ್, ಯಾವುದು ತಗೊಳ್ಳೋದು? ಅದಕ್ಕೂ ಮೊದಲು ನನ್ನ ಎಡಗೈ ಹೆಬ್ಬೆರಳಿನ ಮೇಲಿರೋ ಗುರುತಿನ ಕಥೆ ಕೇಳಿ.

ಬಿ.ಕಾಂ. ಮುಗಿದ ವರ್ಷ ಆನ್‌ಲೈನಲ್ಲಿ 600 ರೂಪಾಯಿಗೆ ಒಂದು ‘ಸರ್ವೈವಲ್’ ಚಾಕು ತರಿಸಿದ್ದೆ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದೀಲಿ ದಿಕ್ಸೂಚಿ, ಹಿಡಿಯೊಳಗೆ ಬೆಂಕಿಕಡ್ಡಿ ಇಡೋಕೆ ಜಾಗ. ನೋಡೋಕೆ ಸಿನಿಮಾ ಹೀರೋ ಚಾಕು! ತೀರ್ಥಹಳ್ಳಿಯ ಚಿಕ್ಕಪ್ಪನ ತೋಟದಲ್ಲಿ ಒಂದು ಒಣ ಕೊಂಬೆ ಸೀಳೋಕೆ ಹೋದೆ. ಎರಡನೇ ಪೆಟ್ಟಿಗೆ ಅಲಗು ಹಿಡಿಯಿಂದ ಕಿತ್ತು ಬಂತು. ನಾಲ್ಕು ಹೊಲಿಗೆ ಬಿತ್ತು. ಚಿಕ್ಕಪ್ಪ ಮುರಿದ ತುಂಡು ತಿರುಗಿಸಿ ನೋಡಿ, ‘ಏನೋ ಮಾರಾಯ, ಹಿಡಿಯೊಳಗೆ ಕಬ್ಬಿಣಾನೇ ಇಲ್ವಲ್ಲೋ’ ಅಂದ್ರು.

ವಿಷಯ ಇಷ್ಟೇ. ಅಲಗಿನ ಉಕ್ಕು ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಅನ್ನೋದನ್ನ ಮೊದಲು ನೋಡಿ. ಇಂಗ್ಲಿಷಿನವರು ಅದಕ್ಕೆ ಟ್ಯಾಂಗ್ ಅಂತಾರೆ. ಹಿಡಿ ಟೊಳ್ಳಾಗಿದ್ರೆ ಆ ಉಕ್ಕಿಗೆ ಜಾಗ ಎಲ್ಲಿರುತ್ತೆ ಹೇಳಿ? ‘ಸರ್ಜಿಕಲ್ ಸ್ಟೀಲ್’ ಅಂತ ಬರೆದಿದ್ರೂ ಮರುಳಾಗಬೇಡಿ, ಅದು ಯಾವುದೇ ಒಂದು ನಿರ್ದಿಷ್ಟ ಉಕ್ಕಿನ ಹೆಸರಲ್ಲ. ಒಳ್ಳೆ ಕಂಪನಿ ಉಕ್ಕಿನ ಗ್ರೇಡ್ ಹೇಳುತ್ತೆ.

ಈಗ ಎರಡು ಚಾಕು ಪಕ್ಕಪಕ್ಕ ಇಡೋಣ. ಒಂದು ಸ್ವೀಡನ್ನಿನ ಮೋರಾ ಊರಿನ ‘ಕಂಪ್ಯಾನಿಯನ್’. ಆ ಕಂಪನಿಯ ಬೇರು 1891ಕ್ಕೆ ಹೋಗುತ್ತೆ. ಅಲಗು ಸುಮಾರು 10 ಸೆಂಟಿಮೀಟರ್ ಉದ್ದ, ದಪ್ಪ ಎರಡೂವರೆ ಮಿಲಿಮೀಟರ್ ಅಷ್ಟೇ. ಇನ್ನೊಂದು ಅಮೆರಿಕದ ಕಾ-ಬಾರ್ ಬೆಕರ್ ಬಿಕೆ2. ದಪ್ಪ ಕಾಲು ಇಂಚು, ಅಂದ್ರೆ ಆರು ಮಿಲಿಮೀಟರಿಗಿಂತ ಜಾಸ್ತಿ. ತೂಕ ಸುಮಾರು 450 ಗ್ರಾಂ. ಉಕ್ಕು ಹಿಡಿಯ ಕೊನೆವರೆಗೂ ಇದೆ. ಬೆಲೆ ಮೋರಾದ ನಾಲ್ಕೈದು ಪಟ್ಟು. ಇಲ್ಲಿಗೆ ತರಿಸಿದ್ರೆ ಸುಂಕ, ಸಾಗಣೆ ಬೇರೆ.

ದುಡ್ಡು ಐದು ಪಟ್ಟು, ಕೆಲಸ ಐದು ಪಟ್ಟಾ? ಇಲ್ಲ. ಬಿಕೆ2ರಲ್ಲಿ ಕ್ಯಾರೆಟ್ ಹೆಚ್ಚೋಕೆ ಹೋಗಿ, ಹೋಳಾಗಲ್ಲ, ಸಿಡಿಯುತ್ತೆ. ದಪ್ಪ ಅಲಗು ಬೆಣೆ ಥರ ಕೆಲಸ ಮಾಡುತ್ತೆ, ಅದು ಸೌದೆ ಸೀಳೋಕೇ ಇರೋದು. ನಮ್ಮ ಟ್ರೆಕ್ಕಿಂಗಲ್ಲಿ ಹಗ್ಗ ಕತ್ತರಿಸ್ತೀವಿ, ತರಕಾರಿ ಹೆಚ್ತೀವಿ, ಕಡ್ಡಿ ಕೆರೀತೀವಿ. ಅದಕ್ಕೆ ತೆಳು ಅಲಗೇ ಮೇಲು. ಮೋರಾಗೂ ಮಿತಿ ಇದೆ: ಕಂಪ್ಯಾನಿಯನ್ನಿನ ಉಕ್ಕು ಹಿಡಿಯ ತುದಿ ಮುಟ್ಟಲ್ಲ. ಹಾಗಾಗಿ ಅದನ್ನಿಟ್ಟು ದಪ್ಪ ಕೊರಡು ಒಡೆಯೋ ಸಾಹಸ ಬೇಡ. ಅಂಥ ಕೆಲಸ ದಿನಾ ಇರೋರು ಊರಿನ ಕುಲುಮೆಗೆ ಹೋಗಿ. ಹಳೇ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಒಂದು ಕತ್ತಿ ಮಾಡಿಸ್ಕೊಳ್ಳಿ. ಅದು ಒಳ್ಳೆ ಉಕ್ಕು, ಚೂರು ಉಜ್ಜಿದ್ರೆ ಮತ್ತೆ ಹರಿತ.

ಮೋರಾ ಕಾರ್ಬನ್ ಸ್ಟೀಲಲ್ಲೂ ಬರುತ್ತೆ, ಸ್ಟೇನ್‌ಲೆಸ್‌ನಲ್ಲೂ ಬರುತ್ತೆ. ಕಾರ್ಬನ್ ಬೇಗ ಮಸೆಯೋಕೆ ಬರುತ್ತೆ, ಆದ್ರೆ ಆಗುಂಬೆ ಮಳೇಲಿ ಒದ್ದೆ ಒರೆಯೊಳಗೆ ಒಂದು ರಾತ್ರಿ ಬಿಟ್ರೆ ಬೆಳಗ್ಗೆ ತುಕ್ಕು. ಮಲೆನಾಡಿನ ಕಡೆ ಹೋಗೋರಿಗೆ ನನ್ನ ವೋಟು ಸ್ಟೇನ್‌ಲೆಸ್‌ಗೆ. ಖರ್ಚಿನ ಲೆಕ್ಕದಲ್ಲಿ ಒಂದು ಸಾಣೆಕಲ್ಲೂ ಸೇರಿಸಿ, ಯಾಕಂದ್ರೆ ಮೊಂಡಾದ ದುಬಾರಿ ಚಾಕುಗೆ ಜೋರಾಗಿ ಒತ್ತಬೇಕು, ಆಗ್ಲೇ ಕೈ ಜಾರೋದು.

ಕಾನೂನು ಒಂಚೂರು: ಮನೆ, ಹೊಲದ ಕೆಲಸಕ್ಕೆ ಅಂತ ಮಾಡಿರದ ಚಾಕುವಿನ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ರೆ ಶಸ್ತ್ರಾಸ್ತ್ರ ನಿಯಮಕ್ಕೆ ಬರುತ್ತೆ. ವಿಮಾನದಲ್ಲಿ ಕೈಚೀಲದಲ್ಲಿ ಇಟ್ಕೋಬೇಡಿ.

ಮುರಿದ ಆ ಹೀರೋ ಚಾಕುವಿನ ದಿಕ್ಸೂಚಿ ಇನ್ನೂ ನನ್ನ ಮೇಜಿನ ಮೇಲಿದೆ. ಅದೂ ಉತ್ತರ ತೋರಿಸಲ್ಲ. ಮುಂದಿನ ವಾರ ಸ್ಟೌ ಬಗ್ಗೆ, ಸಿಗೋಣ.