ನೇಪಿಯರ್ ಹುಲ್ಲಿಗೆ ಬಿಸಿಲೂ ಬೇಕು, ಕಾಕಂಬಿಯೂ ಬೇಕು

ಮಳೆಗಾಲದಲ್ಲಿ ನೇಪಿಯರ್ ಹುಲ್ಲು ಕೊಯ್ದಷ್ಟೂ ಚಿಗುರುತ್ತದೆ. ಹಸುಗಳು ತಿಂದು ಮುಗಿಸಲಾರವು. ಮಾರ್ಚ್ ಬಂತೆಂದರೆ ಅದೇ ಕೊಟ್ಟಿಗೆಯಲ್ಲಿ ಒಣ ರಾಗಿಹುಲ್ಲೇ ಗತಿ. ಮಿಕ್ಕ ಹಸಿರನ್ನು ಬೇಸಿಗೆಗೆ ಉಳಿಸಿಕೊಳ್ಳುವ ಉಪಾಯ ರಸಮೇವು, ಅಂದರೆ ಸೈಲೇಜ್.

ಗುಂಡಿಯಲ್ಲಿ ಗಾಳಿಯಾಡದಂತೆ ಒತ್ತಿ ಮುಚ್ಚಿದ ಹುಲ್ಲಿನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಹುಳಿಯೇರಿ ಪಿಎಚ್ 4ರ ಆಸುಪಾಸಿಗೆ ಇಳಿದರೆ ಕೊಳೆಸುವ ಜೀವಿಗಳ ಆಟ ನಿಲ್ಲುತ್ತದೆ. ಮುಸುಕಿನ ಜೋಳದಲ್ಲಿ ಇದು ಸಲೀಸು. ಉಷ್ಣವಲಯದ ಹುಲ್ಲುಗಳದ್ದೇ ತಕರಾರು. ಅವು ಮಿಕ್ಕ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುತ್ತವೆ. ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವಕ್ಕೆ ಪಿಷ್ಟ ಒಡೆಯಲು ಬಾರದು. ಸಾಲದ್ದಕ್ಕೆ ಎಳೆಯ ನೇಪಿಯರ್‌ನಲ್ಲಿ ಸುಮಾರು ಶೇ. 80 ನೀರು. ಹೀಗಾದಾಗ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳ ಕೈ ಮೇಲಾಗುತ್ತದೆ. ಗುಂಡಿ ತೆರೆದರೆ ಕೆಟ್ಟ ಬೆಣ್ಣೆಯ ನಾತ. ಹಸು ಮೂಸಿ ಮುಖ ತಿರುಗಿಸುತ್ತದೆ.

ನೀರು ತಗ್ಗಲೆಂದು ಹಲವರು ಹುಲ್ಲನ್ನು ಆಳೆತ್ತರ ಬಲಿಯಲು ಬಿಡುತ್ತಾರೆ. ಇದು ತಪ್ಪು. ಕಾಂಡ ನಾರಾಗುತ್ತದೆ, ಪ್ರೋಟೀನ್ ಕುಸಿಯುತ್ತದೆ. ಗುಂಡಿಗೆ ಹಾಕಿದ್ದಕ್ಕಿಂತ ಒಳ್ಳೆಯ ಮೇವು ಗುಂಡಿಯಿಂದ ಬರುವುದಿಲ್ಲ. 45–50 ದಿನಕ್ಕೇ ಕೊಯ್ದು, ಬಿಸಿಲಲ್ಲಿ ಬಾಡಿಸುವುದೇ ಸರಿ.

ಬಾಡಿದ್ದು ಸಾಕೇ ಎಂದು ತಿಳಿಯಲು ಕೈಯೇ ಸಾಕು. ಎರಡು-ಮೂರು ಸೆಂಟಿಮೀಟರಿಗೆ ಕತ್ತರಿಸಿದ ಹುಲ್ಲನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ರಸ ತೊಟ್ಟಿಕ್ಕಿದರೆ ಇನ್ನೂ ಬಿಸಿಲು ಬೇಕು. ಮುಷ್ಟಿ ಬಿಚ್ಚಿದಾಗ ಉಂಡೆ ಮೆಲ್ಲಗೆ ಸಡಿಲಗೊಂಡು, ಅಂಗೈ ತುಸು ಒದ್ದೆಯಾಗಿದ್ದರೆ ಹದ ಬಂದಿದೆ. ತಟ್ಟನೆ ಚದುರಿದರೆ ಒಣಗಿದ್ದು ಹೆಚ್ಚಾಯಿತು; ಅಂಥದ್ದನ್ನು ಎಷ್ಟು ತುಳಿದರೂ ಒಳಗಿನ ಗಾಳಿ ಹೋಗದು. 100 ಕಿಲೋ ಹುಲ್ಲಿಗೆ 3 ಕಿಲೋ ಕಾಕಂಬಿಯನ್ನು ಸ್ವಲ್ಪ ನೀರಲ್ಲಿ ಕದಡಿ ಚಿಮುಕಿಸಿದರೆ ಸಕ್ಕರೆಯ ಕೊರತೆ ನೀಗುತ್ತದೆ. ಪದರ ಪದರವಾಗಿ ತುಳಿದು, ಪ್ಲಾಸ್ಟಿಕ್ ಹಾಳೆ ಹೊದಿಸಿ ಮಣ್ಣು ಹೇರಿ. ಒಂದೆರಡು ಹಸು ಇರುವವರಿಗೆ ಗುಂಡಿಯೂ ಬೇಡ, ಬಿಗಿ ಮುಚ್ಚಳದ ಡ್ರಮ್ಮು ಸಾಕು.

ಸುಮಾರು 45 ದಿನಕ್ಕೆ ಮೇವು ಸಿದ್ಧ. ಹಳದಿಮಿಶ್ರಿತ ಹಸಿರು, ಹಿತವಾದ ಹುಳಿ ವಾಸನೆ ಅದರ ಗುರುತು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಬೇಕು. ಹಾಗಾಗಿ ಮೂರ್ನಾಲ್ಕು ಕಿಲೋದಿಂದ ಶುರುಮಾಡಿ ವಾರ-ಹತ್ತು ದಿನದಲ್ಲಿ 15–20 ಕಿಲೋಗೆ ಏರಿಸಿ. ಹಾಲಿಗೆ ವಾಸನೆ ಹತ್ತದಿರಲು ಕರೆದ ನಂತರವೇ ಹಾಕಿ. ಪ್ರೋಟೀನಿಗೆ ಹಿಂಡಿಯೋ ಕುದುರೆಮೆಂತೆಯೋ ಜೊತೆಗಿರಲಿ.

ಒಮ್ಮೆ ತೆರೆದ ಗುಂಡಿಯಿಂದ ದಿನವೂ ತೆಗೆಯುತ್ತಿರಬೇಕು, ಇಲ್ಲವಾದರೆ ಗಾಳಿ ಸೋಕಿ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಇದ್ದರೆ ಆ ವಿಷ ಹಸುವಿನ ಹಾಲಿಗೂ ಇಳಿಯುತ್ತದೆ. ಅಂಥ ಮೇವು ಎಷ್ಟೇ ಇರಲಿ, ದಯವಿಟ್ಟು ತಿಪ್ಪೆಗೆ ಹಾಕಿ.