ಮೋಡದಲ್ಲಿಟ್ಟ ಲೆಕ್ಕದ ಪುಸ್ತಕ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿಯ ಸೀಮೆ ಭತ್ತದ ಕಣಜವೆನಿಸಿತು. ಆ ಸೀಮೆಯ ಶ್ರೀರಾಮನಗರದಂತಹ ಊರಿನಲ್ಲಿ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಲಾರಿ ಮಾಲೀಕ ಮೊದಲಾದವರಿಗೆ ತೆರಿಗೆಯ ಲೆಕ್ಕ ಸಿದ್ಧಪಡಿಸಿ ಕೊಡುವ ಚಿಕ್ಕ ಕಚೇರಿಯೊಂದನ್ನು ಊಹಿಸಿಕೊಳ್ಳೋಣ. ಹಿಂದೆ ಇಂತಹ ಕಚೇರಿಯ ಲೆಕ್ಕವೆಲ್ಲ ಖಾತೆ ಪುಸ್ತಕಗಳಲ್ಲಿತ್ತು. ಆಮೇಲೆ ಮೇಜಿನ ಮೇಲಣ ಗಣಕಯಂತ್ರಕ್ಕೆ ಬಂದಿತು. ಈಗ ‘ಕ್ಲೌಡ್’ ಎಂಬ ದೂರದ ತಾಣವನ್ನು ಸೇರುತ್ತಿದೆ. ಅಲ್ಲಿ ನಡೆಯುವ ತೆರಿಗೆ ತಂತ್ರಾಂಶಗಳು ಹಲವು. ಇವುಗಳಲ್ಲಿ ಒಂದನ್ನು ಆರಿಸುವ ಬಗೆ ಹೇಗೆ?

ಹೆಸರಿಗೆ ಮೋಡವಾದರೂ ಇದು ಆಕಾಶದ ವಸ್ತುವಲ್ಲ. ಎಲ್ಲಿಯೋ ಒಂದು ಕಟ್ಟಡದಲ್ಲಿ ಸಾಲುಸಾಲಾಗಿ ಜೋಡಿಸಿದ ಗಣಕಯಂತ್ರಗಳೇ ಈ ಮೋಡ. ಟೆಲಿಫೋನಿನಂತೆ ಗಣನಶಕ್ತಿಯೂ ಒಂದು ದಿನ ಸಾರ್ವಜನಿಕ ಸೌಕರ್ಯವಾದೀತೆಂದು ಜಾನ್ ಮೆಕಾರ್ಥಿ ಎಂಬ ಅಮೆರಿಕದ ವಿಜ್ಞಾನಿ 1961ರಲ್ಲಿಯೇ ಸೂಚಿಸಿದ್ದನು. ಸ್ವಂತ ಯಂತ್ರವು ಹೊಲದ ಬಾವಿಯಂತೆ. ಅದರ ದುರಸ್ತಿ ನಮ್ಮದು. ಕ್ಲೌಡ್ ಕಾಲುವೆಯಂತೆ, ಶ್ರಮ ಕಡಿಮೆ, ಆದರೆ ಅವಲಂಬನೆ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಕಾಲುವೆಯನ್ನು ನಂಬಿದ ರೈತರೆಲ್ಲರೂ ಕಳವಳಗೊಂಡರು. ತಂತ್ರಾಂಶವನ್ನು ಆರಿಸುವಾಗಲೂ ಅದು ಚೆನ್ನಾಗಿ ನಡೆಯುವ ದಿನಕ್ಕಿಂತ ಕೆಟ್ಟ ದಿನವನ್ನೇ ಮೊದಲು ಯೋಚಿಸತಕ್ಕದ್ದು.

ಮೊದಲನೆಯ ಪರೀಕ್ಷೆ ಲೆಕ್ಕದ ನಿಖರತೆ. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದಿತು. 2022ರ ಜುಲೈ 18ರಿಂದ, ಮೊದಲೇ ತುಂಬಿ ಚೀಟಿ ಹಚ್ಚಿದ 25 ಕಿಲೋಗ್ರಾಂ ಮೀರದ ಅಕ್ಕಿಯ ಚೀಲಕ್ಕೆ ಶೇಕಡ 5ರಷ್ಟು ತೆರಿಗೆ ಬಿದ್ದಿತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಒಂದೇ ಗಿರಣಿಯ ಒಂದೇ ಅಕ್ಕಿಗೆ ಎರಡು ಲೆಕ್ಕ! ತಂತ್ರಾಂಶವು ಈ ಭೇದವನ್ನು ಅರಿಯುವುದೇ ಎಂದು ನೋಡಬೇಕು. ಮಾರಿದವನು ತನ್ನ ವಿವರದಲ್ಲಿ ತೋರಿಸದ ಬಿಲ್ಲಿನ ಮೇಲೆ ಕೊಂಡವನಿಗೆ ತೆರಿಗೆಯ ಜಮೆ ದೊರೆಯದು. ಆದುದರಿಂದ ಖರೀದಿಯ ಖಾತೆಯನ್ನು ಸರಕಾರದ ತಾಣದ ಪಟ್ಟಿಯೊಡನೆ ಹೋಲಿಸಿ, ವ್ಯತ್ಯಾಸವನ್ನು ಎತ್ತಿತೋರಿಸುವ ಶಕ್ತಿಯೂ ಅದಕ್ಕಿರಬೇಕು.

ಎರಡನೆಯದು ಕಾಲ. ತಿಂಗಳಿಗೊಮ್ಮೆ ವಿವರ ಸಲ್ಲಿಸುವ ವರ್ತಕನು ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಬೇಕು. ತಡವಾದರೆ ಶುಲ್ಕವೂ ಬಡ್ಡಿಯೂ ಬೀಳುತ್ತವೆ. ‘ನಮ್ಮ ಸೇವೆ ಶೇಕಡ 99.9ರಷ್ಟು ಕಾಲ ಲಭ್ಯ’ ಎಂದು ಕಂಪನಿಯೊಂದು ಹೇಳಿದರೆ, ವರ್ಷದ 8,760 ಗಂಟೆಗಳಲ್ಲಿ ಸುಮಾರು ಎಂಟೂಮುಕ್ಕಾಲು ಗಂಟೆ ಅದು ದೊರೆಯದಿರಬಹುದೆಂದು ಅರ್ಥ. ಈ ಅವಧಿ ನಡುರಾತ್ರಿಗೆ ಬಿದ್ದರೆ ಬಾಧಕವಿಲ್ಲ. 20ನೆಯ ತಾರೀಖಿನ ಸಂಜೆಗೆ ಬಿದ್ದರೆ? ವಿದ್ಯುತ್ತೋ ಇಂಟರ್ನೆಟ್ಟೋ ಇಲ್ಲದಾಗಲೂ ಬಿಲ್ಲುಗಳನ್ನು ಬರೆದಿಟ್ಟು, ಸಂಪರ್ಕ ಬಂದೊಡನೆ ಕಳುಹಿಸುವ ಅನುಕೂಲವಿದ್ದರೆ ಅದು ದೊಡ್ಡ ಗುಣವೇ ಸರಿ.

ಮೂರನೆಯದು ಗೋಪ್ಯ. ವರ್ತಕನ ಲಾಭ, ಸಾಲ, ಬ್ಯಾಂಕಿನ ಖಾತೆ ಎಲ್ಲವೂ ಇಲ್ಲಿ ಅಡಗಿವೆ. ಮಾಹಿತಿಯು ದಾರಿಯಲ್ಲಿಯೂ ಉಗ್ರಾಣದಲ್ಲಿಯೂ ಗೂಢಲಿಪಿಯಲ್ಲಿರಬೇಕು. ಪಾಸ್‌ವರ್ಡ್ ಒಂದೇ ಸಾಲದು, ಫೋನಿಗೆ ಬರುವ ಎರಡನೆಯ ಸಂಕೇತವೂ ಬೇಕು. ಪ್ರತಿಯೊಬ್ಬ ನೌಕರನಿಗೂ ಬೇರೆ ಬೇರೆ ಪ್ರವೇಶವಿದ್ದು, ಯಾರು ಯಾವಾಗ ಯಾವ ಅಂಕಿಯನ್ನು ತಿದ್ದಿದರೆಂಬುದು ಅಳಿಯದಂತೆ ದಾಖಲಾಗಬೇಕು.

ನಾಲ್ಕನೆಯದನ್ನು ಹಲವರು ಮರೆಯುತ್ತಾರೆ. ಆದರೆ ಎಲ್ಲಕ್ಕಿಂತ ಮುಖ್ಯವಾದುದು ಅದೇ. ತಂತ್ರಾಂಶದ ಚಂದಾ ಸಾಮಾನ್ಯವಾಗಿ ಒಂದು ವರ್ಷಕ್ಕೆ. ಕಾನೂನಾದರೋ, ಲೆಕ್ಕಗಳನ್ನು ವಾರ್ಷಿಕ ವಿವರದ ಕೊನೆಯ ದಿನದಿಂದ 72 ತಿಂಗಳು, ಎಂದರೆ ಆರು ವರ್ಷ, ಕಾಪಾಡಬೇಕೆನ್ನುತ್ತದೆ. ನಾಲ್ಕನೆಯ ವರ್ಷ ಕಂಪನಿಯು ಬೆಲೆಯೇರಿಸಿದರೆ ಅಥವಾ ಬಾಗಿಲು ಮುಚ್ಚಿದರೆ ಹಳೆಯ ಲೆಕ್ಕಗಳ ಗತಿಯೇನು? ‘ನಮ್ಮಲ್ಲಿ ಮೂರು ಪ್ರತಿಗಳಿವೆ’ ಎಂಬ ಭರವಸೆ ಸಾಲದು. ಒಬ್ಬ ಗುಮಾಸ್ತನು ಕೈತಪ್ಪಿ ಒಂದು ಖಾತೆಯನ್ನು ಅಳಿಸಿದರೆ, ಆ ಅಳಿಸುವಿಕೆಯೂ ಮೂರು ಪ್ರತಿಗಳಿಗೆ ಕ್ಷಣದಲ್ಲಿ ಹರಡಬಹುದು. ಆದುದರಿಂದ ಲೆಕ್ಕವೆಲ್ಲವನ್ನೂ ಬೇರೆ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ಹೊರತೆಗೆದು, ತಿಂಗಳಿಗೊಮ್ಮೆ ಕಚೇರಿಯಲ್ಲಿಯೇ ಬೇರೊಂದು ಪ್ರತಿಯಾಗಿ ಇಡುವುದಕ್ಕೆ ಅವಕಾಶವಿರಬೇಕು.

ಇದನ್ನೆಲ್ಲ ಜಾಹೀರಾತು ನೋಡಿ ತಿಳಿಯಲಾಗದು, ಪ್ರಯೋಗದಿಂದಲೇ ತಿಳಿಯಬೇಕು. ಈಗಾಗಲೇ ಸಲ್ಲಿಸಿ ಮುಗಿದ ಮೂರು ತಿಂಗಳ ಲೆಕ್ಕವನ್ನು, ಸಂಬಂಧಪಟ್ಟ ವರ್ತಕನ ಒಪ್ಪಿಗೆ ಪಡೆದು, ಹೊಸ ತಂತ್ರಾಂಶಕ್ಕೆ ಕೊಡಿರಿ. ಉತ್ತರವು ಹಳೆಯದರೊಡನೆ ರೂಪಾಯಿಗೆ ರೂಪಾಯಿ ಹೊಂದುವುದೇ ನೋಡಿರಿ. ಇಂಟರ್ನೆಟ್ಟನ್ನು ಕಡಿದು ನೋಡಿರಿ. ಕೊನೆಗೆ ಕೊಟ್ಟದ್ದನ್ನೆಲ್ಲ ಹಿಂದಕ್ಕೆ ಕೇಳಿರಿ. ಸರಕಾರದ ತಾಣಗಳಲ್ಲಿಯೇ ಉಚಿತವಾದ ಸಾಧನಗಳುಂಟು. ಗಿರಾಕಿಗಳು ನಾಲ್ಕೈದು ಮಂದಿಯಾದರೆ ಅವುಗಳೇ ಸಾಕಾಗಬಹುದು. ಯಾವುದನ್ನೇ ಆರಿಸಿದರೂ ತಪ್ಪು ಲೆಕ್ಕದ ದಂಡವನ್ನು ತೆರುವವನು ವರ್ತಕನೇ ಹೊರತು ಯಂತ್ರವಲ್ಲ. ಅವನಿಗೆ ಉತ್ತರ ಹೇಳಬೇಕಾದವರು ಅವನ ಲೆಕ್ಕ ಸಿದ್ಧಪಡಿಸಿದವರು.