ರಂಗದಿಂದ ಬೆಳ್ಳಿತೆರೆಗೆ: ಬಿ.ಆರ್. ಪಂತುಲು

ಅವಿಭಜಿತ ಕೋಲಾರ ಜಿಲ್ಲೆಯು ಕನ್ನಡ ಚಿತ್ರರಂಗಕ್ಕೆ ನೀಡಿದ ಹಿರಿಯ ನಟರಲ್ಲಿ ಬುಡಗೂರು ರಾಮಕೃಷ್ಣಯ್ಯ ಪಂತುಲು ಪ್ರಮುಖರು. ಊರೂರು ಸುತ್ತಿ ನಾಟಕವಾಡುತ್ತಿದ್ದ ವೃತ್ತಿ ಕಂಪನಿಗಳೇ ನಟರ ಪಾಠಶಾಲೆಗಳಾಗಿದ್ದ ಕಾಲದಲ್ಲಿ ಮಹಮ್ಮದ್ ಪೀರ್ ಅವರ ನಾಟಕ ಮಂಡಳಿಯಲ್ಲಿ ಪಳಗಿದ ಅವರು, 1936ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 'ಸಂಸಾರ ನೌಕ'ದ ಮೂಲಕ ತೆರೆಗೆ ಬಂದರು. ಪುರಾಣಕಥೆಗಳನ್ನು ಬಿಟ್ಟು ಸಮಕಾಲೀನ ಕುಟುಂಬಜೀವನವನ್ನು ಚಿತ್ರಿಸಿದ್ದರಿಂದ ಅದನ್ನು ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂದು ಪರಿಗಣಿಸಲಾಗಿದೆ.

ಅದೇ ಚಿತ್ರದ ನಾಯಕಿ ಎಂ.ವಿ. ರಾಜಮ್ಮ ಮುಂದೆ 1943ರ 'ರಾಧಾರಮಣ'ವನ್ನು ತಯಾರಿಸಿ ಕನ್ನಡದ ಮೊದಲ ನಿರ್ಮಾಪಕಿ ಎನಿಸಿದರೆ, ಪಂತುಲು ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಮೂಲಕ ನಿರ್ಮಾಪಕ, ನಿರ್ದೇಶಕರಾಗಿಯೂ ಬೆಳೆದು, 1958ರ 'ಸ್ಕೂಲ್ ಮಾಸ್ಟರ್'ನಲ್ಲಿ ಮಕ್ಕಳಿಂದ ಉಪೇಕ್ಷೆಗೊಳಗಾದ ವೃದ್ಧ ಶಿಕ್ಷಕನ ಪಾತ್ರವನ್ನು ತಾವೇ ನಿರ್ವಹಿಸಿದರು. ತಮಿಳಿನ 'ವೀರಪಾಂಡ್ಯ ಕಟ್ಟಬೊಮ್ಮನ್' (1959), ಕನ್ನಡದ 'ಕಿತ್ತೂರು ಚೆನ್ನಮ್ಮ' (1961) ಚಿತ್ರಗಳಲ್ಲಿ ಇತಿಹಾಸವನ್ನು ಜನಪ್ರಿಯ ಕಥನವಾಗಿಸಿದ ಅವರು, 1970ರ 'ಶ್ರೀ ಕೃಷ್ಣದೇವರಾಯ'ದಲ್ಲಿ ರಾಜಕುಮಾರ್ ಅವರೆದುರು ಮಹಾಮಂತ್ರಿ ತಿಮ್ಮರಸುವಾಗಿ ಅಭಿನಯಿಸಿದರು.

1974ರಲ್ಲಿ ನಿಧನರಾದ ಪಂತುಲು ಅವರ ಬಳಿ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಸಹಾಯಕರಾಗಿ ದುಡಿದಿದ್ದರೆಂಬುದನ್ನು ನೆನೆದರೆ, ಅವರ ಪ್ರಭಾವವು ಅಭಿನಯಕ್ಕಷ್ಟೇ ಸೀಮಿತವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.